ಒಂದೊಂದು ದೀಪಕ್ಕೂ ಒಂದು ವಿಳಾಸ

ಕ್ರಿಸ್‌ಮಸ್ ಮರಕ್ಕೆ ಮೇಣದಬತ್ತಿ ಸಿಕ್ಕಿಸಿ, ಬೆಂಕಿ ಹತ್ತಿಕೊಂಡರೆ ಇರಲೆಂದು ಪಕ್ಕದಲ್ಲೇ ಬಕೆಟ್ ನೀರು ಇಟ್ಟುಕೊಳ್ಳುತ್ತಿದ್ದ ಕಾಲವದು. 1882ರ ಡಿಸೆಂಬರಿನಲ್ಲಿ ಥಾಮಸ್ ಎಡಿಸನ್ ಅವರ ಸಹೋದ್ಯೋಗಿ ಎಡ್ವರ್ಡ್ ಜಾನ್ಸನ್, ನ್ಯೂಯಾರ್ಕ್‌ನ ತಮ್ಮ ಮನೆಯ ಮರಕ್ಕೆ ಕೆಂಪು, ಬಿಳಿ, ನೀಲಿ ಬಣ್ಣದ 80 ವಿದ್ಯುತ್ ಬಲ್ಬುಗಳನ್ನು ಕಟ್ಟಿದರು. ಅಷ್ಟಕ್ಕೇ ಬಿಡದೆ ಮರವನ್ನೂ ವಿದ್ಯುತ್ತಿನಿಂದಲೇ ತಿರುಗಿಸಿದರು!

ಆಮೇಲಿನದು ಬಹುಮಟ್ಟಿಗೆ ಗಾತ್ರದ ಪೈಪೋಟಿ. ಇಟಲಿಯ ಗುಬ್ಬಿಯೊ ಊರಿನವರು 1981ರಿಂದ ಇಂಜಿನೊ ಬೆಟ್ಟದ ಇಳಿಜಾರಿನ ಮೇಲೆ ದೀಪಗಳಲ್ಲೇ ಮರದ ಆಕಾರ ಬಿಡಿಸುತ್ತಿದ್ದಾರೆ. 2011ರಲ್ಲಿ ಪೋಪ್ 16ನೇ ಬೆನೆಡಿಕ್ಟ್ ವ್ಯಾಟಿಕನ್‌ನಲ್ಲಿ ಕುಳಿತು, ಟ್ಯಾಬ್ಲೆಟ್ ಮುಟ್ಟಿ ಅದನ್ನು ಬೆಳಗಿಸಿದ್ದರು. ಸೊಗಸೇನೋ ಹೌದು. ಆದರೆ ಟ್ಯಾಬ್ಲೆಟ್ ಅಲ್ಲಿ ಮಾಡಿದ್ದು ಸ್ವಿಚ್ಚಿನ ಕೆಲಸವನ್ನಷ್ಟೇ.

ಜಾಣ ಮರ ನೋಡಬೇಕೆಂದರೆ ಬ್ರಿಟನ್ನಿಗೆ ಹೋಗಬೇಕು. ನಗಿಸುತ್ತಲೇ ಗಣಿತ ಹೇಳುವ ಮ್ಯಾಟ್ ಪಾರ್ಕರ್ 2020ರಲ್ಲಿ 500 ಎಲ್‌ಇಡಿಗಳ ಸರವನ್ನು ತಮ್ಮ ಮರಕ್ಕೆ ಮನಸ್ಸಿಗೆ ಬಂದಂತೆ ಸುತ್ತಿದರು. ನಮ್ಮ ಹಬ್ಬದ ಸೀರಿಯಲ್ ಸೆಟ್‌ನ ದೀಪಗಳಂತಲ್ಲ ಇವು. ಒಂದೊಂದಕ್ಕೂ ಪುಟ್ಟ ಚಿಪ್ ಇದೆ. ಕಂಪ್ಯೂಟರ್ ಕಳಿಸುವ ಆದೇಶಗಳ ಸಾಲಿನಲ್ಲಿ ಮೊದಲನೆಯದನ್ನು ಅದು ತನಗಿಟ್ಟುಕೊಂಡು ಉಳಿದವನ್ನು ಮುಂದಕ್ಕೆ ದಾಟಿಸುತ್ತದೆ. ಹೀಗಾಗಿ 217ನೇ ದೀಪವೊಂದೇ ಹಸಿರಾಗಲಿ ಎಂದರೆ ಆಗುತ್ತದೆ. ಆದರೆ ಆ 217ನೆಯದು ಯಾವ ಕೊಂಬೆಯ ಮೇಲಿದೆ?

ಕಂಪ್ಯೂಟರಿಗೆ ಅದು ಗೊತ್ತಿಲ್ಲ. ಗೊತ್ತುಮಾಡಿಸಲು ಪಾರ್ಕರ್ ಒಂದೊಂದೇ ದೀಪ ಹೊತ್ತಿಸಿ, ಕ್ಯಾಮೆರಾದಲ್ಲಿ ಫೋಟೊ ತೆಗೆದು, ಚಿತ್ರದಲ್ಲಿ ಅತಿ ಹೆಚ್ಚು ಬೆಳಗುವ ಚುಕ್ಕೆಯನ್ನು ಪ್ರೋಗ್ರಾಂನಿಂದ ಹುಡುಕಿಸಿದರು. ಬೇರೆ ಬೇರೆ ಕೋನಗಳಿಂದಲೂ ಇದೇ ಕೆಲಸ. ಕೆಲವು ದೀಪಗಳು ಎಲೆಗಳ ಹಿಂದೆ ಅಡಗಿ ಲೆಕ್ಕ ತಪ್ಪಿಸಿದವು. ಸರದಲ್ಲಿ ಅಕ್ಕಪಕ್ಕದ ದೀಪಗಳು ತೀರಾ ದೂರ ಇರಲಾರವು ಎಂಬ ಸರಳ ತರ್ಕದಿಂದ ಅವುಗಳ ಜಾಗವನ್ನೂ ತಿದ್ದಲಾಯಿತು. ಅಲ್ಲಿಗೆ ಮರವೇ ಮೂರು ಆಯಾಮದ ಪರದೆಯಾಯಿತು. ಬಣ್ಣದ ಹಾಳೆಯೊಂದು ಮರದೊಳಗಿಂದ ಹಾದುಹೋಗುವಂತೆ ಬೆಳಕು ಸರಿದಾಡತೊಡಗಿತು. ಅದಕ್ಕೆ ಹೊಸ ಕುಣಿತ ಬರೆದು ಕಳಿಸಿ ಎಂದು ಅವರು ವೀಕ್ಷಕರನ್ನೂ ಕರೆದರು.

ಹೊಸದೆಲ್ಲ ಎಲ್ಲರಿಗೂ ಹಿಡಿಸುತ್ತದೆ ಎಂದೇನಿಲ್ಲ. 2012ರಲ್ಲಿ ಬ್ರಸೆಲ್ಸ್‌ನ ಮುಖ್ಯ ಚೌಕದಲ್ಲಿ ನಿಜವಾದ ಮರದ ಬದಲು ಸುಮಾರು 25 ಮೀಟರ್ ಎತ್ತರದ ಉಕ್ಕಿನ ಚೌಕಟ್ಟಿನ ಬೆಳಕಿನ ಮರ ನಿಲ್ಲಿಸಿದಾಗ ಸಾವಿರಾರು ಜನ ಸಹಿ ಹಾಕಿ ವಿರೋಧಿಸಿದರು. ಪಾರ್ಕರ್ ಮರಕ್ಕೆ ಆ ತಂಟೆಯಿಲ್ಲ. ಅದು ಮನೆಯೊಳಗಿನ ಆಟ.

ತಮ್ಮ ದೀಪಗಳ ನಿರ್ದೇಶಾಂಕಗಳನ್ನು ಪಾರ್ಕರ್ ಎಲ್ಲರಿಗೂ ತೆರೆದಿಟ್ಟಿದ್ದಾರೆ. ಇಂಥ ಎಲ್‌ಇಡಿ ಸರ, ಅದನ್ನು ನಡೆಸುವ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಎರಡೂ ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಸಿಗುತ್ತವೆ. ಮನೆಯಲ್ಲಿ ಪೈಥಾನ್ ಪ್ರೋಗ್ರಾಮಿಂಗ್ ಕಲಿಯುವ ಮಕ್ಕಳಿದ್ದರೆ 50 ದೀಪಗಳ ಸರದಿಂದ ಶುರುಮಾಡಿ ನೋಡಲಿ.