ಹೋಟಗಿಯಲ್ಲಿ ನೆರಳು ಮಾಯವಾಗುವ ಹೊತ್ತು

ಸೊಲ್ಲಾಪುರದ ಬಳಿ, ವಿಜಯಪುರದ ಕಡೆಗೆ ರೈಲುದಾರಿ ಕವಲೊಡೆಯುವ ಹೋಟಗಿ ಸುಮಾರು 17.6 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಉತ್ತರಕ್ಕೆ ಸರಿಯುವ ಸೂರ್ಯ ಇಲ್ಲಿ ನೆತ್ತಿಗೆ ಬರುವುದು ಮೇ 10ರ ಸುಮಾರಿಗೆ. ಮರಳುವಾಗ ಆಗಸ್ಟ್ ಮೊದಲ ವಾರದಲ್ಲಿ ಇನ್ನೊಮ್ಮೆ. ಆಗ ನೆಟ್ಟಗೆ ನಿಲ್ಲಿಸಿದ ಕೋಲಿನ ನೆರಳು ಬುಡದಲ್ಲೇ ಅಡಗುತ್ತದೆ. ಎಂಥ ಸೊಗಸಾದ ನೋಟ!

ಇದು ಗಡಿಯಾರದ ಹನ್ನೆರಡಕ್ಕೆ ನಡೆಯುವುದಿಲ್ಲ. ಭಾರತೀಯ ಕಾಲಮಾನದ 82.5 ಡಿಗ್ರಿ ರೇಖಾಂಶಕ್ಕಿಂತ ಹೋಟಗಿ ಆರೂವರೆ ಡಿಗ್ರಿ ಪಶ್ಚಿಮಕ್ಕಿದೆ. ಡಿಗ್ರಿಗೆ 4 ನಿಮಿಷದಂತೆ 26 ನಿಮಿಷ ತಡ. ಭೂಮಿಯ ಅಂಡಾಕಾರದ ಕಕ್ಷೆ ಮತ್ತು ಅಕ್ಷದ ಓರೆಯಿಂದಾಗಿ ಮೇ ತಿಂಗಳಲ್ಲಿ ಇದರಲ್ಲಿ ಮೂರ್ನಾಲ್ಕು ನಿಮಿಷ ಕಳೆಯಬೇಕು.

ನಿಮ್ಮ ಊರಿನಲ್ಲಿ ಇಂಥ ದಿನ ಯಾವುದೆಂದು ಲೆಕ್ಕ ಹಾಕಲು ಬೇಕಾದ ಅಕ್ಷಾಂಶ ತಿಳಿಯಲು ಮೊಬೈಲ್ ಸಾಕು. ಕನಿಷ್ಠ ನಾಲ್ಕು ಉಪಗ್ರಹಗಳ ಸಂಕೇತ ತಲುಪುವ ಹೊತ್ತನ್ನು ಹೋಲಿಸಿ ಅದು ತಾನಿರುವ ಜಾಗವನ್ನು ಲೆಕ್ಕ ಹಾಕುತ್ತದೆ. ಆಗಸ್ಟಿನಲ್ಲಿ ಮೋಡದ ಕಾಟವಿರುವುದರಿಂದ ಪ್ರಯೋಗಕ್ಕೆ ಮೇ ತಿಂಗಳೇ ಮೇಲು.