ಕಣ್ಣು ಹಳದಿಯಾದಾಗ ಎಂ.ಆರ್.ಐ. ಏಕೆ?

ಮನೆಯಲ್ಲಿ ಯಾರದಾದರೂ ಕಣ್ಣು ಹಳದಿಯಾದರೆ ನಮ್ಮಲ್ಲಿ ಮೊದಲು ನೆನಪಾಗುವುದು ನಾಟಿ ಮದ್ದು. ಇಂಥ ಊರಿನಲ್ಲಿ ಇಂಥವರು ಕಾಮಾಲೆಗೆ ಸೊಪ್ಪಿನ ರಸ ಕೊಡುತ್ತಾರೆ, ಮೂರು ದಿನ ಕುಡಿದು ಪಥ್ಯ ಮಾಡಿದರೆ ಸಾಕು ಎಂದು ನೆರೆಯವರು ಹೇಳುತ್ತಾರೆ. ಹಲವರಿಗೆ ಗುಣವಾಗುವುದೂ ನಿಜ. ಏಕೆಂದರೆ ಕಲುಷಿತ ನೀರು, ಆಹಾರದಿಂದ ಬರುವ ಹೆಪಟೈಟಿಸ್ ಎ ಕಾಮಾಲೆ ಹೆಚ್ಚಿನವರಲ್ಲಿ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಹೆಸರು ಮಾತ್ರ ಮದ್ದಿಗೆ ಬರುತ್ತದೆ.

ಆದರೆ ಎಲ್ಲ ಕಾಮಾಲೆಯೂ ಒಂದೇ ಅಲ್ಲ. ಲಿವರ್ ತಯಾರಿಸುವ ಪಿತ್ತರಸ ಕರುಳಿಗೆ ಇಳಿಯುವ ನಾಳದಲ್ಲಿ ಕಲ್ಲು ಸಿಕ್ಕಿಕೊಂಡರೂ, ಆ ನಾಳವನ್ನು ಗಡ್ಡೆಯೊಂದು ಒತ್ತಿದರೂ ಕಣ್ಣು ಹಳದಿಯಾಗುತ್ತದೆ. ಮೂತ್ರ ಕಡು ಚಹಾದ ಬಣ್ಣಕ್ಕೆ ಬರುವುದು, ಮಲ ಬಿಳಿಚಿಕೊಳ್ಳುವುದು, ಮೈಯೆಲ್ಲ ತುರಿಕೆ, ಇವು ಪಿತ್ತರಸದ ದಾರಿ ಕಟ್ಟಿಕೊಂಡಿರಬಹುದು ಎಂಬುದರ ಸೂಚನೆಗಳು. ಯಾವ ಸೊಪ್ಪಿನ ರಸವೂ ಆ ದಾರಿಯನ್ನು ಬಿಡಿಸಲಾರದು. ಇದರೊಂದಿಗೆ ಚಳಿ ಜ್ವರವೂ ಸೇರಿದರೆ ನಾಳದಲ್ಲಿ ಸೋಂಕು ಹಿಡಿದಿರುವ ಸಂಭವವಿದೆ. ಮರುದಿನಕ್ಕೆ ಕಾಯದೆ ಆಸ್ಪತ್ರೆಗೆ ಹೋಗಬೇಕು. ವಯಸ್ಸಾದವರಲ್ಲಿ ನೋವೇ ಇಲ್ಲದೆ ಹಳದಿ ಏರುತ್ತಾ ತೂಕ ಇಳಿಯುತ್ತಿದ್ದರೆ, ಮೇದೋಜೀರಕ ಗ್ರಂಥಿಯ, ಅಂದರೆ ಪ್ಯಾಂಕ್ರಿಯಾಸ್‌ನ ತಲೆಭಾಗದಲ್ಲಿ ಕ್ಯಾನ್ಸರ್ ಇದೆಯೇ ಎಂದು ನೋಡಬೇಕಾಗುತ್ತದೆ. ಇಲ್ಲಿ ಪಥ್ಯದಲ್ಲಿ ಕಳೆದ ಒಂದೆರಡು ತಿಂಗಳು ಶಸ್ತ್ರಕ್ರಿಯೆಯ ಅವಕಾಶವನ್ನೇ ಕಿತ್ತುಕೊಳ್ಳಬಹುದು.

ಇಂಥ ರೋಗಿಗೆ ವೈದ್ಯರು ರಕ್ತ ಪರೀಕ್ಷೆಯ ಜೊತೆ ಮೊದಲು ಬರೆಯುವುದು ಹೊಟ್ಟೆಯ ಅಲ್ಟ್ರಾಸೌಂಡ್. ಅದು ಅಗ್ಗ, ಬೇಗ ಮುಗಿಯುತ್ತದೆ, ಪಿತ್ತಕೋಶದೊಳಗಿನ ಕಲ್ಲನ್ನು ಚೆನ್ನಾಗಿಯೇ ತೋರಿಸುತ್ತದೆ. ಆದರೆ ಪ್ಯಾಂಕ್ರಿಯಾಸ್ ಇರುವುದು ಹೊಟ್ಟೆಯ ಹಿಂಬದಿಯಲ್ಲಿ, ಜಠರದ ಮರೆಯಲ್ಲಿ. ಪಿತ್ತನಾಳದ ಕೊನೆಯ ಭಾಗ ಅದರ ತಲೆಯೊಳಗಿಂದಲೇ ಹಾದು ಕರುಳನ್ನು ಸೇರುತ್ತದೆ. ಜಠರ, ಕರುಳಿನಲ್ಲಿರುವ ಗಾಳಿ ಶಬ್ದದ ಅಲೆಗಳನ್ನು ಅಲ್ಲಿಗೆ ತಲುಪಗೊಡುವುದಿಲ್ಲ. ಹಾಗಾಗಿ 'ನಾಳ ಹಿಗ್ಗಿದೆ, ಕೆಳಭಾಗ ಕಾಣಿಸುತ್ತಿಲ್ಲ' ಎಂದು ವರದಿ ಬರುತ್ತದೆ. ಅಷ್ಟು ಬರೆದರೆ ತೊಂದರೆ ಇಲ್ಲ ಎಂದು ಅರ್ಥವಲ್ಲ, ನೋಡಲು ಆಗಲಿಲ್ಲ ಎಂದು ಅರ್ಥ. ಎಂ.ಆರ್.ಐ. ಬರೆದುಕೊಡುವುದು ಈ ಹಂತದಲ್ಲಿ. 'ಇಷ್ಟು ದುಡ್ಡಿನ ಪರೀಕ್ಷೆ ಸುಮ್ಮನೆ ಬರೆದಿದ್ದಾರೆ' ಎಂದು ಅನೇಕ ಮನೆಯವರು ಚೀಟಿಯನ್ನು ಮಡಚಿಡುವುದೂ ಇದೇ ಹಂತದಲ್ಲಿ.

ನಿಂತ ನೀರಿನ ಚಿತ್ರ

ಎಂ.ಆರ್.ಐ.ಯಲ್ಲಿ ಎಕ್ಸ್‌ರೇ ಇಲ್ಲ. ಬಲವಾದ ಅಯಸ್ಕಾಂತ ಮತ್ತು ರೇಡಿಯೋ ತರಂಗಗಳ ನೆರವಿನಿಂದ ದೇಹದ ನೀರು, ಕೊಬ್ಬಿನಲ್ಲಿರುವ ಹೈಡ್ರೋಜನ್ ಪರಮಾಣುಗಳಿಂದ ಸಂಕೇತ ಪಡೆದು ಚಿತ್ರ ಕಟ್ಟುತ್ತಾರೆ. ಈ ವಿಧಾನವನ್ನು ರೂಪಿಸಿದ ಪಾಲ್ ಲಾಟರ್ಬರ್ ಮತ್ತು ಪೀಟರ್ ಮ್ಯಾನ್ಸ್‌ಫೀಲ್ಡ್ ಅವರಿಗೆ 2003ರಲ್ಲಿ ವೈದ್ಯಕೀಯ ನೊಬೆಲ್ ದೊರೆಯಿತು.

ಪಿತ್ತನಾಳಕ್ಕೆಂದೇ ಇರುವ ಎಂ.ಆರ್.ಐ.ಗೆ ಎಂ.ಆರ್.ಸಿ.ಪಿ. ಎಂದು ಹೆಸರು. ಇದರಲ್ಲಿ ನಾಳದಲ್ಲಿ ನಿಂತಿರುವ ದ್ರವ ಬೆಳ್ಳಗೆ ಹೊಳೆಯುತ್ತದೆ, ಸುತ್ತಲಿನ ಮಾಂಸ ಕಪ್ಪಾಗುತ್ತದೆ. ಲಿವರ್‌ನ ಸಣ್ಣ ನಾಳಗಳು ಮರದ ಕೊಂಬೆಗಳಂತೆ ಕೂಡಿಕೊಂಡು ಕೆಳಗಿಳಿಯುವುದು, ಪ್ಯಾಂಕ್ರಿಯಾಸ್‌ನ ನಾಳ ಬಂದು ಸೇರುವುದು ಸ್ಪಷ್ಟವಾಗಿ ಕಾಣುತ್ತದೆ. ಕಲ್ಲಿದ್ದರೆ ಆ ಬಿಳುಪಿನ ನಡುವೆ ಕಪ್ಪು ಚುಕ್ಕೆ. ಇಷ್ಟಕ್ಕೆ ಚುಚ್ಚುಮದ್ದಿನ ಬಣ್ಣವೂ ಬೇಕಿಲ್ಲ.

ಇದು ಬರುವ ಮೊದಲು ಇಂಥ ಚಿತ್ರ ಬೇಕಿದ್ದರೆ ಬಾಯಿಯ ಮೂಲಕ ಕೊಳವೆ ಇಳಿಸಿ, ನಾಳದೊಳಗೆ ಬಣ್ಣ ತುಂಬಿ ಎಕ್ಸ್‌ರೇ ತೆಗೆಯುತ್ತಿದ್ದರು. ಅದು ಇ.ಆರ್.ಸಿ.ಪಿ. ಅದರಿಂದ ನೂರರಲ್ಲಿ ಕೆಲವರಿಗೆ ಪ್ಯಾಂಕ್ರಿಯಾಸ್ ಊದಿಕೊಳ್ಳುತ್ತದೆ. ಬರೀ ನೋಡುವುದಕ್ಕಾಗಿ ಆ ಅಪಾಯ ಏಕೆ ಎಂಬುದೇ ಎಂ.ಆರ್.ಸಿ.ಪಿ.ಯ ಹಿಂದಿನ ಲೆಕ್ಕ. ಆದರೆ ಕಲ್ಲು ತೆಗೆಯಲು ಇ.ಆರ್.ಸಿ.ಪಿ.ಯೇ ಬೇಕು. 'ಒಂದು ಸ್ಕ್ಯಾನ್ ಆಗಿದೆಯಲ್ಲ, ಮತ್ತೊಂದೇಕೆ?' ಎಂದು ಕೇಳುವವರಿಗೆ ಉತ್ತರ ಇಷ್ಟೆ: ಮೊದಲನೆಯದು ನೋಡುವ ಪರೀಕ್ಷೆ, ಎರಡನೆಯದು ಚಿಕಿತ್ಸೆ.

ಎಂ.ಆರ್.ಐ.ಗೂ ಮಿತಿಯಿದೆ. ಮೂರ್ನಾಲ್ಕು ಮಿಲಿಮೀಟರಿಗಿಂತ ಚಿಕ್ಕ ಕಲ್ಲು ಕಣ್ಣು ತಪ್ಪಿಸಬಹುದು. ದೀರ್ಘಕಾಲದ ಊತದಿಂದ ಪ್ಯಾಂಕ್ರಿಯಾಸ್‌ನಲ್ಲಿ ಸುಣ್ಣ ಕಟ್ಟಿದ್ದರೆ ಅದನ್ನು ತೋರಿಸುವುದರಲ್ಲಿ ಸಿ.ಟಿ. ಸ್ಕ್ಯಾನೇ ಮೇಲು.

ಮದ್ಯ ಮುಟ್ಟದವರಿಗೂ

'ನಾನು ಜೀವನದಲ್ಲಿ ಮದ್ಯ ಮುಟ್ಟಿದವನಲ್ಲ, ನನಗೆ ಲಿವರ್ ರೋಗ ಹೇಗೆ ಬಂತು?' ನಮ್ಮ ಸಮಾಜದ ರೋಗಿಗಳು ವೈದ್ಯರಲ್ಲಿ ಹೀಗೆ ಕೇಳುವುದು ಸಹಜ. ಕೆಲವರಂತೂ ಜನ ಏನೆಂದುಕೊಳ್ಳುತ್ತಾರೋ ಎಂದು ರೋಗವನ್ನೇ ಮುಚ್ಚಿಡುತ್ತಾರೆ. ಸಕ್ಕರೆ ಕಾಯಿಲೆ, ಹೊಟ್ಟೆಯ ಬೊಜ್ಜು ಇರುವವರ ಲಿವರ್‌ನಲ್ಲಿ ಮದ್ಯವಿಲ್ಲದೆಯೇ ಕೊಬ್ಬು ತುಂಬುತ್ತದೆ. ಕೆಲವರಲ್ಲಿ ಅದು ಗಟ್ಟಿಯಾಗುತ್ತಾ ಸಿರೋಸಿಸ್‌ಗೆ ತಿರುಗುತ್ತದೆ. ಪ್ಯಾಂಕ್ರಿಯಾಸ್‌ನದೂ ಇದೇ ಕಥೆ. ಮದ್ಯ ಕುಡಿಯದ ಯುವಕರಲ್ಲೂ ಪ್ಯಾಂಕ್ರಿಯಾಸ್‌ನಲ್ಲಿ ಕಲ್ಲುಗಟ್ಟುವ ರೋಗವನ್ನು ಕೇರಳದಲ್ಲಿ ಡಾ. ಪಿ.ಜೆ. ಗೀವರ್ಗೀಸ್ ದಶಕಗಳ ಹಿಂದೆಯೇ ಗುರುತಿಸಿ ಬರೆದಿದ್ದರು. ಆದ್ದರಿಂದ ನಾಚಿಕೆಗೆ ಇಲ್ಲಿ ಜಾಗವಿಲ್ಲ.

ಅಲ್ಟ್ರಾಸೌಂಡ್ ವರದಿಯಲ್ಲಿ 'ಫ್ಯಾಟಿ ಲಿವರ್, ಗ್ರೇಡ್ ಒಂದು' ಎಂದಿರುತ್ತದೆ. ಅದು ನೋಡಿದವರ ಅಂದಾಜು. ಕೊಬ್ಬು ಕಡಿಮೆಯಿದ್ದರೆ ಕಾಣದೆಯೂ ಹೋಗಬಹುದು. ಎಂ.ಆರ್.ಐ. ನೀರಿನ ಸಂಕೇತವನ್ನೂ ಕೊಬ್ಬಿನ ಸಂಕೇತವನ್ನೂ ಬೇರ್ಪಡಿಸಿ ಕೊಬ್ಬು ಶೇಕಡಾ ಎಷ್ಟು ಎಂದು ಅಂಕಿಯಲ್ಲೇ ಹೇಳುತ್ತದೆ. ಸಾಮಾನ್ಯವಾಗಿ ಶೇಕಡಾ 5 ದಾಟಿದರೆ ಫ್ಯಾಟಿ ಲಿವರ್. ಎಲಾಸ್ಟೋಗ್ರಫಿ ಎಂಬ ಇನ್ನೊಂದು ಸೌಲಭ್ಯವಿದೆ. ಪಕ್ಕೆಲುಬಿನ ಮೇಲೆ ಒಂದು ಚಪ್ಪಟೆ ಬಿಲ್ಲೆಯನ್ನಿಟ್ಟು ಮೆಲ್ಲನೆ ಕಂಪಿಸುತ್ತಾರೆ. ಲಿವರ್ ಗಟ್ಟಿಯಾದಷ್ಟೂ ಆ ಕಂಪನ ಅದರೊಳಗೆ ವೇಗವಾಗಿ ಓಡುತ್ತದೆ. ಸೂಜಿ ಚುಚ್ಚಿ ಲಿವರ್‌ನ ಚೂರು ತೆಗೆಯುವ ಬಯಾಪ್ಸಿಯನ್ನು ಇದು ಅನೇಕರಿಗೆ ತಪ್ಪಿಸಿದೆ. ಹಾಗೆಂದು ಫ್ಯಾಟಿ ಲಿವರ್ ಎಂದವರೆಲ್ಲ ಎಂ.ಆರ್.ಐ.ಗೆ ಓಡಬೇಕಿಲ್ಲ. ಹೆಚ್ಚಿನವರಿಗೆ ಬೇಕಾಗಿರುವುದು ತೂಕ ಇಳಿಸುವುದು, ನಡಿಗೆ, ಸಕ್ಕರೆಯ ಹಿಡಿತ.

ಥಲಸ್ಸೀಮಿಯಾ ಇರುವ ಮಕ್ಕಳ ಮಾತೇ ಬೇರೆ. ಎರಡರಿಂದ ನಾಲ್ಕು ವಾರಗಳಿಗೊಮ್ಮೆ ರಕ್ತ ಕೊಡಿಸುವಾಗ ಅದರೊಂದಿಗೆ ಕಬ್ಬಿಣವೂ ಸೇರುತ್ತಾ ಹೋಗುತ್ತದೆ. ಅದು ಲಿವರ್, ಹೃದಯ, ಪ್ಯಾಂಕ್ರಿಯಾಸ್‌ಗಳಲ್ಲಿ ಕೂಡುತ್ತದೆ. ಪ್ಯಾಂಕ್ರಿಯಾಸ್ ಕೆಟ್ಟರೆ ಎಳೆ ವಯಸ್ಸಿನಲ್ಲೇ ಸಕ್ಕರೆ ಕಾಯಿಲೆ. ಎಷ್ಟು ಕಬ್ಬಿಣ ಕೂಡಿದೆ ಎಂದು ಎಂ.ಆರ್.ಐ. ನೋವಿಲ್ಲದೆ ಅಳೆಯುತ್ತದೆ, ಕಬ್ಬಿಣ ಇಳಿಸುವ ಔಷಧಿಯ ಪ್ರಮಾಣವನ್ನು ಅದರ ಮೇಲೆ ತೀರ್ಮಾನಿಸಬಹುದು. ಇಂಥ ಮಗುವಿರುವ ತಂದೆ ತಾಯಿ ಈ ಪರೀಕ್ಷೆಯ ಬಗ್ಗೆ ತಾವಾಗಿಯೇ ವೈದ್ಯರಲ್ಲಿ ವಿಚಾರಿಸಬೇಕು.

ಒಳಗೆ ಹೋಗುವ ಮುಂಚೆ

ಯಂತ್ರದ ಅಯಸ್ಕಾಂತ ಭೂಮಿಯ ಕಾಂತಬಲಕ್ಕಿಂತ ಸುಮಾರು ಮೂವತ್ತು ಸಾವಿರ ಪಟ್ಟು ಬಲವಾದುದು. ಸ್ಕ್ಯಾನ್ ನಡೆಯದಾಗಲೂ ಅದು ಆರಿರುವುದಿಲ್ಲ. 2018ರಲ್ಲಿ ಮುಂಬೈಯ ಆಸ್ಪತ್ರೆಯೊಂದರಲ್ಲಿ ಆಕ್ಸಿಜನ್ ಸಿಲಿಂಡರ್ ಹಿಡಿದು ಒಳಹೋದ ರೋಗಿಯ ಸಂಬಂಧಿಕನೊಬ್ಬ ಯಂತ್ರದೆಡೆಗೆ ಸೆಳೆಯಲ್ಪಟ್ಟು ಪ್ರಾಣ ಕಳೆದುಕೊಂಡ. ಜೊತೆಗೆ ಹೋಗುವವರಿಗೂ ನಿಯಮ ಒಂದೇ. ಉಂಗುರ, ವಾಚು, ಮೊಬೈಲ್, ಸ್ಕಾರ್ಫಿನ ಪಿನ್ನು, ಲೋಹದ ಗುಂಡಿ, ಸೊಂಟದ ತಾಯಿತ ಎಲ್ಲವನ್ನೂ ಹೊರಗಿಡಬೇಕು. ಪಿನ್ನಿಲ್ಲದ ಬಟ್ಟೆಯ ಸ್ಕಾರ್ಫ್ ಇರಿಸಿಕೊಳ್ಳಬಹುದೇ ಎಂದು ಮಹಿಳೆಯರು ಸಿಬ್ಬಂದಿಯಲ್ಲಿ ಮೊದಲೇ ಕೇಳಿಕೊಂಡರೆ ಕೊನೆಗಳಿಗೆಯ ಮುಜುಗರ ಇರದು.

ಪೇಸ್‌ಮೇಕರ್, ಕಿವಿಯೊಳಗಿನ ಕಾಕ್ಲಿಯರ್ ಇಂಪ್ಲಾಂಟ್, ಮೆದುಳಿನ ರಕ್ತನಾಳಕ್ಕೆ ಹಾಕಿದ ಕ್ಲಿಪ್ ಇದ್ದರೆ ಹೇಳಲೇಬೇಕು, ಅದರ ಕಾರ್ಡನ್ನು ತೋರಿಸಬೇಕು. ವೆಲ್ಡಿಂಗ್, ಲೇತ್, ಗ್ಯಾರೇಜ್ ಕೆಲಸದವರ ಕಣ್ಣಿಗೆ ಎಂದಾದರೂ ಕಬ್ಬಿಣದ ಚೂರು ಸಿಡಿದಿದ್ದರೆ ಅದನ್ನೂ ಹೇಳಬೇಕು. ಎಂದೋ ಆದ ಸಣ್ಣ ಗಾಯ ಎಂದು ಸುಮ್ಮನಿರುವಂತಿಲ್ಲ. ಒಳಗುಳಿದ ಚೂರು ಕದಲಿದರೆ ಕಣ್ಣೇ ಹೋಗಬಹುದು. ಗರ್ಭಿಣಿಯರು ಮತ್ತು ಕಿಡ್ನಿ ತೀವ್ರವಾಗಿ ಕೆಟ್ಟವರು ಮುಂಚಿತವಾಗಿ ತಿಳಿಸಬೇಕು. ಗಡ್ಡೆಯ ಸ್ವರೂಪ ತಿಳಿಯಲು ಕೊಡುವ ಗ್ಯಾಡೋಲಿನಿಯಂ ಚುಚ್ಚುಮದ್ದು ಇವರಿಗೆ ಸಾಮಾನ್ಯವಾಗಿ ಹೇಳಿದ್ದಲ್ಲ.

ನಾಲ್ಕರಿಂದ ಆರು ಗಂಟೆ ಖಾಲಿ ಹೊಟ್ಟೆಯಲ್ಲಿರಬೇಕು. ಊಟ ಮಾಡಿದರೆ ಪಿತ್ತಕೋಶ ಕುಗ್ಗುತ್ತದೆ, ಜಠರದ ನೀರು ಚಿತ್ರಕ್ಕೆ ಅಡ್ಡ ಬರುತ್ತದೆ. ಸಕ್ಕರೆಯ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ಆ ದಿನದ ಡೋಸ್ ಬಗ್ಗೆ ಮೊದಲೇ ಕೇಳಿಕೊಳ್ಳಲಿ. ಅರ್ಧ ಮುಕ್ಕಾಲು ಗಂಟೆ ಕೊಳವೆಯೊಳಗೆ ಅಲುಗಾಡದೆ ಮಲಗಬೇಕು, ಸದ್ದು ಜೋರು, ಕಿವಿಗೆ ಮುಚ್ಚಿಗೆ ಕೊಡುತ್ತಾರೆ. ಹೇಳಿದಾಗ ಹದಿನೈದು ಇಪ್ಪತ್ತು ಸೆಕೆಂಡು ಉಸಿರು ಹಿಡಿಯಬೇಕು. ಲಿವರ್ ಉಸಿರಿನೊಂದಿಗೆ ಮೇಲೆ ಕೆಳಗೆ ಸರಿಯುವುದರಿಂದ, ಉಸಿರು ತಪ್ಪಿದರೆ ಚಿತ್ರ ಮಸುಕಾಗುತ್ತದೆ. ಕನ್ನಡ ಓದಲು ಬಾರದ, ಬ್ಯಾರಿ ಅಥವಾ ಉರ್ದು ಮಾತ್ರ ಬಲ್ಲ ಹಿರಿಯರಿದ್ದರೆ ಮನೆಯಲ್ಲೇ ನಾಲ್ಕು ಸಲ ಉಸಿರು ಹಿಡಿಸಿ ಅಭ್ಯಾಸ ಮಾಡಿಸಿ.

ವರದಿಯ ಹಾಳೆಯ ಜೊತೆ ಸಿ.ಡಿ.ಯನ್ನೂ ಕೇಳಿ ಪಡೆಯಿರಿ. ಆರು ತಿಂಗಳ ನಂತರ ಮತ್ತೆ ಸ್ಕ್ಯಾನ್ ಆದಾಗ ಗಡ್ಡೆ ಬೆಳೆದಿದೆಯೇ, ನಾಳ ಇನ್ನಷ್ಟು ಹಿಗ್ಗಿದೆಯೇ ಎಂದು ಹೇಳಲು ವೈದ್ಯರು ಮೊದಲು ಕೇಳುವುದು ಆ ಹಳೆಯ ಚಿತ್ರವನ್ನೇ.