ಅಮ್ಮನ ದೇಶಕ್ಕಾಗಿ ಆಡಿದ ಹುಡುಗ

ಒಬ್ಬ ಹುಡುಗ ಹುಟ್ಟಿದ್ದು, ಬೆಳೆದದ್ದು, ಶಾಲೆಗೆ ಹೋದದ್ದು ಎಲ್ಲವೂ ಅಮೆರಿಕದಲ್ಲಿ. ಅಪ್ಪ ಅಮೆರಿಕದವರು, ಅಮ್ಮ ಜಪಾನಿನವರು. ಹುಡುಗ ದೊಡ್ಡವನಾಗಿ ಒಳ್ಳೆಯ ಬೇಸ್‌ಬಾಲ್ ಆಟಗಾರನಾದ. ದೇಶ ದೇಶಗಳ ನಡುವೆ ಪಂದ್ಯಾವಳಿ ನಡೆದರೆ ಅವನು ಯಾವ ದೇಶದ ಅಂಗಿ ತೊಡಬೇಕು? ಮಕ್ಕಳೇ, ಉತ್ತರ ಹೇಳುವ ಮೊದಲು ಸ್ವಲ್ಪ ಯೋಚಿಸಿ. ಮನೆಯಲ್ಲಿ ಅಜ್ಜ, ಅಜ್ಜಿ ಇದ್ದರೆ ಅವರನ್ನೂ ಕೇಳಿ. ನಿಮ್ಮ ಉತ್ತರ, ಅವರ ಉತ್ತರ ಒಂದೇ ಆಗಿರಲಿಕ್ಕಿಲ್ಲ.

ಮೊದಲು ಆಟದ ಬಗ್ಗೆ ಎರಡು ಮಾತು. ಬೇಸ್‌ಬಾಲ್ ನಮ್ಮ ಕ್ರಿಕೆಟ್ಟಿನ ದೂರದ ನೆಂಟ. ಒಂದು ತಂಡದಲ್ಲಿ 9 ಮಂದಿ. ಚೆಂಡು ಎಸೆಯುವವನು ಅದನ್ನು ನೆಲಕ್ಕೆ ಪುಟಿಸದೆ ನೇರವಾಗಿ ಎಸೆಯುತ್ತಾನೆ. ದುಂಡನೆಯ ಬ್ಯಾಟಿನಿಂದ ಹೊಡೆದವನು ನಾಲ್ಕು ಮೂಲೆಗಳಲ್ಲಿರುವ ‘ಬೇಸ್’ಗಳನ್ನು ಮುಟ್ಟಿ ಒಂದು ಸುತ್ತು ಮುಗಿಸಿದರೆ ಒಂದು ರನ್. ಅಮೆರಿಕ, ಜಪಾನ್, ದಕ್ಷಿಣ ಕೊರಿಯಾ, ತೈವಾನ್, ಕ್ಯೂಬಾ, ಡೊಮಿನಿಕನ್ ಗಣರಾಜ್ಯ, ವೆನೆಜುವೆಲಾಗಳಲ್ಲಿ ಈ ಆಟವೆಂದರೆ ನಮ್ಮಲ್ಲಿ ಕ್ರಿಕೆಟ್ ಇದ್ದ ಹಾಗೆ.

ಈ ದೇಶಗಳೆಲ್ಲ ಸೇರುವ ದೊಡ್ಡ ಪಂದ್ಯಾವಳಿಯೇ ‘ವರ್ಲ್ಡ್ ಬೇಸ್‌ಬಾಲ್ ಕ್ಲಾಸಿಕ್’. ಇದು ಶುರುವಾದದ್ದು 2006ರಲ್ಲಿ, 16 ತಂಡಗಳೊಂದಿಗೆ. 2023ರಲ್ಲಿ ತಂಡಗಳು 20 ಆದವು. ಮೊದಲ ಐದು ಪಂದ್ಯಾವಳಿಗಳಲ್ಲಿ ಜಪಾನ್ ಮೂರು ಸಲ ಗೆದ್ದಿತು. ಡೊಮಿನಿಕನ್ ಗಣರಾಜ್ಯ ಮತ್ತು ಅಮೆರಿಕ ಒಂದೊಂದು ಸಲ.

ಬಾಗಿಲು ಅಗಲ

ಯಾರು ಯಾವ ದೇಶಕ್ಕೆ ಆಡಬಹುದು ಎಂಬ ವಿಷಯದಲ್ಲಿ ಈ ಪಂದ್ಯಾವಳಿಯ ಬಾಗಿಲು ಬಹಳ ಅಗಲ. ಆ ದೇಶದ ಪೌರನಾಗಿದ್ದರೆ ಸರಿ. ಅಲ್ಲಿ ಹುಟ್ಟಿದ್ದರೂ ಸರಿ. ಅಲ್ಲಿ ಕಾಯಂ ಆಗಿ ನೆಲೆಸಲು ಕಾನೂನಿನ ಅನುಮತಿ ಇದ್ದರೂ ಸರಿ. ಅಪ್ಪ ಅಥವಾ ಅಮ್ಮ ಅಲ್ಲಿ ಹುಟ್ಟಿದವರು, ಇಲ್ಲವೆ ಅಲ್ಲಿನ ಪೌರರು ಎಂದು ತೋರಿಸಿದರೂ ಆಗುತ್ತದೆ. ಇನ್ನೂ ಒಂದು ದಾರಿಯಿದೆ. ಕೈಯಲ್ಲಿ ಪಾಸ್‌ಪೋರ್ಟ್ ಇಲ್ಲದಿದ್ದರೂ, ಆ ದೇಶದ ಕಾನೂನಿನ ಪ್ರಕಾರ ಪೌರತ್ವ ಪಡೆಯುವ ಅರ್ಹತೆ ಇದೆಯೆಂದು ರುಜುವಾತು ಮಾಡಿದರೆ ಸಾಕಾಗಬಹುದು.

ಈ ಕೊನೆಯ ದಾರಿಯಲ್ಲಿ ಅಜ್ಜ, ಅಜ್ಜಿಯರಿಗೂ ಪಾತ್ರ ಸಿಗುತ್ತದೆ. ಇಟಲಿಯ ಪೌರತ್ವ ರಕ್ತಸಂಬಂಧದಿಂದ ಬರುತ್ತದೆ. ಹಿಂದೆ ಮುತ್ತಜ್ಜ ಇಟಲಿಯವನಾಗಿದ್ದರೂ ಮರಿಮಗ ಹಕ್ಕು ಕೇಳಬಹುದಿತ್ತು. 2025ರಲ್ಲಿ ಕಾನೂನು ಬಿಗಿಯಾಗಿ, ಈಗ ಅದು ಹೆಚ್ಚುಕಡಿಮೆ ಅಜ್ಜ, ಅಜ್ಜಿಯರ ತಲೆಮಾರಿಗೆ ನಿಂತಿದೆ. 2006ರಲ್ಲಿ ಅಮೆರಿಕದ ಹೆಸರಾಂತ ಆಟಗಾರ ಮೈಕ್ ಪಿಯಾಜಾ ಇಟಲಿಯ ಅಂಗಿ ತೊಟ್ಟದ್ದು ಮನೆತನದ ಈ ನಂಟಿನಿಂದಲೇ. 2023ರ ಪಂದ್ಯಾವಳಿಯಲ್ಲಿ ಅವರು ಅದೇ ತಂಡದ ಮುಖ್ಯ ತರಬೇತುದಾರರಾಗಿದ್ದರು.

ಬ್ಯಾಂಕಿನಲ್ಲಿ ಖಾತೆ ತೆರೆಯುವವರು ಹೆಸರಿಗೊಂದು, ವಿಳಾಸಕ್ಕೊಂದು ದಾಖಲೆ ಕೊಡುತ್ತಾರಲ್ಲ, ಇದೂ ಹಾಗೆಯೇ. ದಾಖಲೆ ಸರಿಯಿದ್ದರೆ ಖಾತೆ ತೆರೆಯುತ್ತದೆ. ಅದರಲ್ಲಿ ಜಮೆ ಮಾಡುವುದು ಮಾತ್ರ ಅವರವರ ದುಡಿಮೆ.

ಕಾಳುಮೆಣಸಿನ ಗಿರಣಿ

ಈಗ ನಮ್ಮ ಹುಡುಗನ ಕಥೆಗೆ ಬರೋಣ. ಅವರ ಹೆಸರು ಲಾರ್ಸ್ ನೂಟ್‌ಬಾರ್. ಹುಟ್ಟಿದ್ದು 1997ರಲ್ಲಿ, ಕ್ಯಾಲಿಫೋರ್ನಿಯಾದಲ್ಲಿ. 2006ರಲ್ಲಿ ಜಪಾನಿನ ಹೈಸ್ಕೂಲು ಆಟಗಾರರ ತಂಡ ಅಮೆರಿಕಕ್ಕೆ ಬಂದಾಗ ನೂಟ್‌ಬಾರ್ ಮನೆಯವರು ಅದರ ಕೆಲವು ಆಟಗಾರರನ್ನು ಮನೆಯಲ್ಲಿ ಉಳಿಸಿಕೊಂಡು ಉಪಚರಿಸಿದರು. ಪುಟ್ಟ ಲಾರ್ಸ್ ಆ ತಂಡಕ್ಕೆ ಬ್ಯಾಟು ಎತ್ತಿಕೊಡುವ ಹುಡುಗನಾದ. ಮುಂದೆ ತಾನೂ ಜಪಾನ್ ಪರ ಆಡಬೇಕೆಂದು ಆಗಲೇ ಹೇಳಿಕೊಂಡಿದ್ದ.

2023ರಲ್ಲಿ ಆ ಆಸೆ ಕೈಗೂಡಿತು. ಜಪಾನಿನಲ್ಲಿ ಹುಟ್ಟದೆ, ತಾಯಿಯ ಮೂಲದಿಂದ ಜಪಾನ್ ತಂಡ ಸೇರಿ ಈ ಪಂದ್ಯಾವಳಿಯಲ್ಲಿ ಆಡಿದ ಮೊದಲಿಗರು ಅವರು. ಮೊದಮೊದಲು ಕೆಲವರಿಗೆ ಇದು ಸರಿಕಾಣಲಿಲ್ಲ. ಜಪಾನಿನಲ್ಲಿ ಆಟಗಾರರಿಗೆ ಬರವೇ ಎಂಬ ಪ್ರಶ್ನೆ ಸಹಜವಾಗಿಯೇ ಎದ್ದಿತು.

ತಂಡದವರು ಮಾತ್ರ ಬೇರೆ ರೀತಿಯಲ್ಲಿ ಬರಮಾಡಿಕೊಂಡರು. ಲಾರ್ಸ್ ಅವರ ಪೂರ್ತಿ ಹೆಸರಿನಲ್ಲಿ ‘ತತ್ಸುಜಿ’ ಎಂಬುದೂ ಒಂದು. ಅದು ಅಮ್ಮನ ಅಪ್ಪನ ಹೆಸರು. ಅದನ್ನೇ ಮೊಟಕು ಮಾಡಿ ‘ತಚ್ಚಾನ್’ ಎಂಬ ಮುದ್ದಿನ ಹೆಸರಿಟ್ಟರು. ಆ ಹೆಸರು ಬರೆದ ಟೀ ಶರ್ಟ್ ತೊಟ್ಟು ಅವರನ್ನು ಸ್ವಾಗತಿಸಿದರು. ಲಾರ್ಸ್ ಕೂಡ ಜಪಾನಿನ ರಾಷ್ಟ್ರಗೀತೆಯನ್ನು ಎಲ್ಲರ ಜೊತೆ ನಿಂತು ಹಾಡಿದರು.

ಆಟದಲ್ಲೂ ಅವರು ಹಿಂದೆ ಬೀಳಲಿಲ್ಲ. ಮೊದಲ ಬ್ಯಾಟರ್ ಆಗಿ ಆಡಿದರು. ಓಡಿ, ಹಾರಿ ಕ್ಯಾಚ್ ಹಿಡಿದರು. ಒಳ್ಳೆಯ ಹೊಡೆತ ಹೊಡೆದಾಗಲೆಲ್ಲ ಎರಡು ಮುಷ್ಟಿಗಳನ್ನು ಒಂದರ ಮೇಲೊಂದು ಇಟ್ಟು ತಿರುಗಿಸುತ್ತಿದ್ದರು. ಊಟದ ಮೇಜಿನ ಮೇಲೆ ಕಾಳುಮೆಣಸು ಪುಡಿ ಮಾಡುವ ಸಣ್ಣ ಗಿರಣಿ ಇರುತ್ತದಲ್ಲ, ಅದನ್ನು ತಿರುಗಿಸುವ ಅಭಿನಯ ಅದು. ಅರೆಯುವುದಕ್ಕೆ ಇಂಗ್ಲಿಷಿನಲ್ಲಿರುವ ‘ಗ್ರೈಂಡ್’ ಎಂಬ ಪದಕ್ಕೆ ಬಿಡದೆ ದುಡಿಯುವುದು ಎಂಬ ಅರ್ಥವೂ ಇದೆ. ಇಡೀ ಜಪಾನ್ ಈ ಗಿರಣಿ ತಿರುಗಿಸತೊಡಗಿತು! ಹೈಸ್ಕೂಲು ಪಂದ್ಯವೊಂದರಲ್ಲಿ ಹುಡುಗನೊಬ್ಬ ಹೀಗೆ ಮಾಡಿದಾಗ ಅಂಪೈರ್ ಎಚ್ಚರಿಕೆ ಕೊಟ್ಟು, ಅದು ಸರಿಯೇ ತಪ್ಪೇ ಎಂದು ದೊಡ್ಡವರೆಲ್ಲ ಚರ್ಚೆ ಮಾಡಿದರು.

ಫೈನಲ್ ನಡೆದದ್ದು ಮಿಯಾಮಿಯಲ್ಲಿ, ಅಮೆರಿಕದ ವಿರುದ್ಧವೇ. ಕೊನೆಯಲ್ಲಿ ಶೋಹೆಯಿ ಒಟಾನಿ ಚೆಂಡೆಸೆದು ಮೈಕ್ ಟ್ರೌಟ್ ಅವರನ್ನು ಔಟ್ ಮಾಡಿದಾಗ ಜಪಾನ್ 3-2ರಿಂದ ಗೆದ್ದಿತ್ತು. ತಾನು ಹುಟ್ಟಿದ ದೇಶವನ್ನು ಸೋಲಿಸಿ ತಾಯಿಯ ದೇಶಕ್ಕೆ ಕಪ್ ತಂದ ತಂಡದಲ್ಲಿ ತಚ್ಚಾನ್ ಇದ್ದರು.

ಅಂದು ಎದುರಾಳಿ, ಇಂದು ಮನೆಯವನು

ಮಾರ್ಕಸ್ ಸ್ಟ್ರೋಮನ್ ಅವರದು ಇನ್ನೊಂದು ಬಗೆಯ ಕಥೆ. ಅವರ ತಾಯಿ ಪೋರ್ಟೊ ರಿಕೊ ದ್ವೀಪದ ಮೂಲದವರು. ಆ ದ್ವೀಪದ ಜನ ಅಮೆರಿಕದ ಪೌರರೇ ಆದರೂ ಬೇಸ್‌ಬಾಲ್‌ನಲ್ಲಿ ಅವರ ತಂಡ ಬೇರೆ. 2017ರ ಫೈನಲ್‌ನಲ್ಲಿ ಸ್ಟ್ರೋಮನ್ ಅಮೆರಿಕದ ಪರವಾಗಿ ಚೆಂಡೆಸೆದರು. ಎದುರಾಳಿ ಪೋರ್ಟೊ ರಿಕೊ! ಮೊದಲ ಆರು ಇನ್ನಿಂಗ್ಸ್‌ಗಳಲ್ಲಿ ಒಂದು ಒಳ್ಳೆಯ ಹೊಡೆತಕ್ಕೂ ಅವಕಾಶ ಕೊಡಲಿಲ್ಲ. ಅಮೆರಿಕ 8-0ಯಿಂದ ಗೆದ್ದಿತು, ಅವರೇ ಪಂದ್ಯಾವಳಿಯ ಶ್ರೇಷ್ಠ ಆಟಗಾರರಾದರು. 2023ರಲ್ಲಿ ಅವರು ಆಡಿದ್ದು ಯಾರಿಗೆ ಗೊತ್ತೇ? ಅದೇ ಪೋರ್ಟೊ ರಿಕೊಗೆ. ನಿಯಮ ಅದಕ್ಕೂ ಅಡ್ಡಿ ಮಾಡಲಿಲ್ಲ.

ಊರ ಹುಡುಗರಿಗೆ ಅನ್ಯಾಯವಲ್ಲವೇ?

ಇಲ್ಲಿ ಒಂದು ನ್ಯಾಯವಾದ ಆಕ್ಷೇಪ ಇದೆ. ಬೇಸ್‌ಬಾಲ್ ಅಷ್ಟಾಗಿ ಗೊತ್ತಿಲ್ಲದ ದೇಶದಲ್ಲಿ ಕೆಲವು ಹುಡುಗರು ಕೆಲಸ ಮುಗಿಸಿ ಬಂದು, ತಮ್ಮ ಮೈದಾನವನ್ನು ತಾವೇ ಹದ ಮಾಡಿ ವರ್ಷಗಟ್ಟಲೆ ಅಭ್ಯಾಸ ಮಾಡಿರುತ್ತಾರೆ. ದೊಡ್ಡ ಪಂದ್ಯ ಬಂದಾಗ ಆ ದೇಶದ ಭಾಷೆಯೂ ಬಾರದ ಅಮೆರಿಕದ ಆಟಗಾರ ವಿಮಾನದಿಂದಿಳಿದು ಅವರ ಜಾಗದಲ್ಲಿ ನಿಂತರೆ ಹೊಟ್ಟೆ ಉರಿಯದೇ?

ಇದಕ್ಕೆ ಚೆಕ್ ದೇಶದ ತಂಡ ಒಂದು ಒಳ್ಳೆಯ ಉತ್ತರ ಎಂದು ನನಗೆ ಅನಿಸುತ್ತದೆ. 2023ರಲ್ಲಿ ಅಲ್ಲಿನ ಹೆಚ್ಚಿನ ಆಟಗಾರರು ಬೇರೆ ಉದ್ಯೋಗದಲ್ಲಿದ್ದವರು. ತರಬೇತುದಾರರು ನರರೋಗ ವೈದ್ಯರು. ಒಟಾನಿಯವರನ್ನೇ ಔಟ್ ಮಾಡಿದ ಒಂಡ್ರೆಯ್ ಸತೋರಿಯಾ ವಿದ್ಯುತ್ ಕೆಲಸ ಮಾಡುವವರು. ಇಂಥವರ ನಡುವೆ ಅಮೆರಿಕದಲ್ಲಿ ಬೆಳೆದ ಚೆಕ್ ಮೂಲದ ಒಂದಿಬ್ಬರಷ್ಟೇ ಇದ್ದರು. ಅವರಲ್ಲಿ ವಿಲ್ಲಿ ಎಸ್ಕಾಲಾ ಒಬ್ಬರು. ಜಪಾನಿನ ರೋಕಿ ಸಸಾಕಿ ಗಂಟೆಗೆ 162 ಕಿ.ಮೀ. ವೇಗದಲ್ಲಿ ಎಸೆದ ಚೆಂಡು ಎಸ್ಕಾಲಾರ ಮೊಣಕಾಲಿಗೆ ಬಡಿಯಿತು. ನೋವಿನಿಂದ ಬಿದ್ದವರು ಎದ್ದು ಓಡಿ ತೋರಿಸಿದಾಗ ಜಪಾನಿನ ಪ್ರೇಕ್ಷಕರೇ ಚಪ್ಪಾಳೆ ತಟ್ಟಿದರು. ಆಮೇಲೆ ಸಸಾಕಿ ಎರಡು ಚೀಲ ತುಂಬ ಸಿಹಿ ತಿಂಡಿ ಹಿಡಿದು ಚೆಕ್ ತಂಡದ ಹೋಟೆಲಿಗೆ ಹೋಗಿ ಕ್ಷಮೆ ಕೇಳಿದರು. ಊರ ಹುಡುಗರನ್ನು ಬದಿಗೆ ತಳ್ಳದೆ ಅವರ ಜೊತೆಗೆ ನಿಲ್ಲುವ ನೆಂಟ ಬಂದರೆ ಯಾರಿಗೂ ಬೇಸರವಾಗದು.

ನಮ್ಮ ಮನೆಯ ಮಾತು

ನಮ್ಮಲ್ಲಿ ನಿಯಮ ಬಿಗಿ. ಭಾರತ ಇಬ್ಬಗೆಯ ಪೌರತ್ವ ಒಪ್ಪುವುದಿಲ್ಲ. ಭಾರತದ ಪರ ಆಡಲು ಭಾರತದ ಪಾಸ್‌ಪೋರ್ಟೇ ಬೇಕು. ವಿದೇಶದಲ್ಲಿರುವ ಭಾರತ ಮೂಲದವರಿಗೆ ಕೊಡುವ ಓಸಿಐ ಕಾರ್ಡ್ ಸಾಲದು. ಬೆಂಗಳೂರು ಎಫ್‌ಸಿ ಫುಟ್‌ಬಾಲ್ ತಂಡದ ರಯಾನ್ ವಿಲಿಯಮ್ಸ್ ಆಸ್ಟ್ರೇಲಿಯಾದಲ್ಲಿ ಹುಟ್ಟಿದವರು, ತಾಯಿಯ ಮನೆ ಮುಂಬೈ. ಅವರು 2025ರಲ್ಲಿ ಆಸ್ಟ್ರೇಲಿಯಾದ ಪಾಸ್‌ಪೋರ್ಟ್ ಬಿಟ್ಟುಕೊಟ್ಟೇ ಭಾರತದ ಪೌರರಾಗಬೇಕಾಯಿತು.

ಕ್ರಿಕೆಟಿಗ ರಚಿನ್ ರವೀಂದ್ರ ನಿಮಗೆಲ್ಲ ಗೊತ್ತು. ಅಪ್ಪ, ಅಮ್ಮ ಬೆಂಗಳೂರಿನವರು, ಮಗ ಹುಟ್ಟಿದ್ದು ನ್ಯೂಜಿಲೆಂಡಿನ ವೆಲಿಂಗ್ಟನ್‌ನಲ್ಲಿ. 2023ರ ವಿಶ್ವಕಪ್‌ನಲ್ಲಿ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಪಾಕಿಸ್ತಾನದ ವಿರುದ್ಧ 108 ರನ್ ಹೊಡೆದಾಗ ಬೆಂಗಳೂರಿನ ಜನ ಅವರ ಹೆಸರು ಕೂಗಿದರು. ಮರುವರ್ಷ ಅದೇ ಮೈದಾನದಲ್ಲಿ ಭಾರತದ ವಿರುದ್ಧವೇ 134 ರನ್ ಹೊಡೆದರು, ನಾವು ಸೋತೆವು. ಆಗಲೂ ‘ನಮ್ಮ ಹುಡುಗ’ ಎಂದವರು ಇದ್ದರು. ಬೇಸ್‌ಬಾಲ್‌ನ ನಿಯಮ ಕ್ರಿಕೆಟ್ಟಿಗೆ ಇದ್ದಿದ್ದರೆ ರಚಿನ್ ಭಾರತದ ಬಾಗಿಲು ತಟ್ಟಬಹುದಿತ್ತು. ತಟ್ಟುತ್ತಿದ್ದರೆಂದು ಹೇಳಲಾಗದು. ತನ್ನನ್ನು ಬೆಳೆಸಿದ ಊರಿಗೆ ಆಡುವುದೂ ಋಣ ತೀರಿಸುವ ದಾರಿಯೇ.

ಇವತ್ತು ನಮ್ಮ ಎಷ್ಟೋ ಮನೆಗಳ ಮೊಮ್ಮಕ್ಕಳು ಹೊರದೇಶಗಳಲ್ಲಿದ್ದಾರೆ. ಯಾವ ದೇಶದ ಅಂಗಿ ತೊಡಬೇಕೆಂದು ಮುಂದೆ ಅವರೇ ನಿರ್ಧರಿಸುತ್ತಾರೆ. ನಾವು ಹಿರಿಯರು ಮಾಡಬಹುದಾದದ್ದು ಒಂದೇ, ಆ ಮಕ್ಕಳಿಗೆ ಮನೆತನದ ಹೆಸರುಗಳನ್ನು, ಊರಿನ ಕಥೆಗಳನ್ನು ಹೇಳುವುದು. ಲಾರ್ಸ್‌ಗೆ ಅಜ್ಜನ ಹೆಸರು ಇಡದಿದ್ದರೆ ಜಪಾನಿನವರು ‘ತಚ್ಚಾನ್’ ಎಂದು ಹೇಗೆ ಕರೆಯುತ್ತಿದ್ದರು?

ಮಕ್ಕಳೇ, ಈ ಭಾನುವಾರ ಒಂದು ಹಾಳೆ ತೆಗೆದುಕೊಳ್ಳಿ. ಅಜ್ಜ, ಅಜ್ಜಿ, ಮುತ್ತಜ್ಜ, ಮುತ್ತಜ್ಜಿಯರ ಹೆಸರು, ಹುಟ್ಟಿದ ಊರು, ಅಲ್ಲಿಂದ ಏಕೆ ಹೊರಟರು ಎಂಬುದನ್ನು ಕೇಳಿ ಬರೆಯಿರಿ. ಅಪ್ಪನ ಕಡೆ, ಅಮ್ಮನ ಕಡೆ ಎರಡೂ ಇರಲಿ. ಹೊರದೇಶದಲ್ಲಿರುವ ಅಣ್ಣ, ತಂಗಿಯರಿಗೂ ಅದರದೊಂದು ಪ್ರತಿ ಕಳಿಸಿ.